ಅಂಗಿ ತೊಟ್ಟ ರೆಕಾರ್ಡರು

“ನೀವೇ ಹೇಳಿ ಅಜ್ಜಿ, ಇದು ನ್ಯಾಯವಾ? ಹೋದ ವರ್ಷದಿಂದ ಫೋನಲ್ಲಿ ಸದ್ದು ಹಿಡಿಯೋಳು ನಾನು. ಕುಕ್ಕರಿನ ಸೀಟಿ ಹಿಡಿದಿದ್ದು ನಾನು, ಬಸ್ಸಿನ ಬಾಗಿಲು ಉಸ್ ಅನ್ನೋದು ಹಿಡಿದಿದ್ದು ನಾನು, ಲೈಬ್ರರೀಲಿ ಹಾಳೆ ತಿರುಗೋ ಸದ್ದು ಬೇಕು ಅಂತ ಮೇಜಿನ ಕೆಳಗೆ ಕೂತು ಬೈಸಿಕೊಂಡಿದ್ದು ನಾನು. ದೊಡ್ಡಪ್ಪನ ಮಗಳೇನು ಮಾಡಿದಾಳೆ? ನಿದ್ದೆ ಮಾಡಿದಾಳೆ. ಅವಳ ಹವ್ಯಾಸ ಏನು ಅಂತ ಯಾರಾದರೂ ಕೇಳಿದರೆ ದಿಂಬು ತಂದು ತೋರಿಸಬೇಕು. ಈಗ ಇದ್ದಕ್ಕಿದ್ದ ಹಾಗೆ ದೊಡ್ಡಪ್ಪ, ‘ನನ್ನ ಮಗಳಿಗೂ ಒಂದು ಹವ್ಯಾಸ ಇರಲಿ’ ಅಂತ ಅಂಗಡಿಗೆ ಹೋಗಿ ರೆಕಾರ್ಡರು ತಂದುಕೊಟ್ಟಿದಾರೆ. ಹವ್ಯಾಸ ಏನು ಸೊಪ್ಪಾ, ಚೀಲ ಹಿಡ್ಕೊಂಡು ಹೋಗಿ ತರೋಕೆ? ಮುಷ್ಟಿಯಷ್ಟಿದೆ ಅಜ್ಜಿ. ಮೇಲೆ ಬಸವನಹುಳು ಕೊಂಬಿನ ಹಾಗೆ ಎರಡು ಮೈಕು. ಅದರ ಚಿತ್ರ ನಾನು ಕಾಲೇಜಿನ ಕಂಪ್ಯೂಟರಲ್ಲಿ ಎಷ್ಟು ಸಲ ನೋಡಿದೀನಿ ಅಂದರೆ, ಕಣ್ಣು ಕಟ್ಟಿ ಬಿಟ್ಟರೂ ಯಾವ ಗುಂಡಿ ಎಲ್ಲಿದೆ ಹೇಳ್ತೀನಿ. ಪಕ್ಕದಲ್ಲಿ ಒಂದು ತಳ್ಳೋ ಗುಂಡಿ. ಒಂದು ಕಡೆ ಜೋರು ಸದ್ದಿಗೆ, ಇನ್ನೊಂದು ಕಡೆ ಸಣ್ಣ ಸದ್ದಿಗೆ. ಜೋರಿನ ಕಡೆ ಇಟ್ಟರೆ ಆನೆ ನಡೆದರೂ ಇರುವೆ ನಡೆದ ಹಾಗೆ. ಸಣ್ಣದರ ಕಡೆ ಇಟ್ಟರೆ ಇರುವೆ ಸೀನಿದರೂ ಕೇಳುತ್ತೆ. ಅವಳಿಗೆ ಅದೆಲ್ಲ ಗೊತ್ತಾ? ಕೆಂಪು ಗುಂಡಿ ಒತ್ತೋದು ಬಿಟ್ಟು ಇನ್ನೇನೂ ಗೊತ್ತಿಲ್ಲ. ಹೋಗಲಿ ಅಂದರೆ, ದೊಡ್ಡಮ್ಮ ಅದಕ್ಕೊಂದು ಅಂಗಿ ಬೇಕು ಅಂದರು. ಹೊಲಿದಿದ್ದು ಯಾರು? ನಮ್ಮಮ್ಮ! ದಿನವಿಡೀ ಟೈಲರ್ ಅಂಗಡೀಲಿ ಊರಿನವರ ಅಂಗಿಗೆಲ್ಲ ಕಾಜಾ ಹಾಕಿ ಬಂದು, ಮನೇಲಿ ಕೂತು ಆ ಯಂತ್ರದ ಅಂಗಿಗೂ ಕಾಜಾ ಹಾಕಿದಳು. ಇಲ್ಲಿ ನನ್ನ ಸ್ವೆಟರಿನ ಮೊಣಕೈ ಬಾಯಿ ಬಿಟ್ಕೊಂಡು ಎಲ್ಲರನ್ನೂ ಮಾತಾಡಿಸ್ತಿದೆ, ಅದಕ್ಕೆ ಹೊತ್ತಿಲ್ಲ!”

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಹುಡುಗಿ ನನ್ನ ಮುಂದಿದ್ದ ಬಟಾಣಿಯ ರಾಶಿಗೆ ಕೈ ಹಾಕಿದಳು. ಕಾಯಿ ಸುಲಿದು ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದಳು. ನಾನು ಸುಮ್ಮನೆ ಎರಡನ್ನೂ ಅದಲುಬದಲು ಮಾಡಿದೆ.

ಅವಳಿಗೆ ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇದೆ. ಆದರೆ ಕೋಪ ಸದಾ ಮೂಗಿನ ತುದಿಯಲ್ಲೇ ಇರುವುದರಿಂದ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುತ್ತಾರೆ. ಕಾಲೇಜಿನಲ್ಲಿ ಓದುತ್ತಾಳೆ. ಅವಳೂ ಅವಳ ತಾಯಿಯೂ ಎರಡನೆಯ ಮಹಡಿಯಲ್ಲಿ, ಎದುರು ಬಾಗಿಲಲ್ಲಿ ಅವಳ ದೊಡ್ಡಪ್ಪನ ಸಂಸಾರ. ದೊಡ್ಡಪ್ಪನ ಮಗಳೂ ಅದೇ ಕಾಲೇಜು, ಅದೇ ತರಗತಿ. ಮೆಲ್ಲಗೆ ನಡೆಯುವ, ಮೆಲ್ಲಗೆ ಮಾತನಾಡುವ, ಬಿಸಿಲಿಗೆ ಕೂತರೆ ಕರಗಿಯೇ ಹೋದಾಳು ಎನ್ನಿಸುವ ಹುಡುಗಿ. ಅವಳಿಗೆ ಬೆಣ್ಣೆ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ನಾನು ಇರುವುದು ಕೆಳಗಿನ ಮನೆಯಲ್ಲಿ, ಅಂಗಳಕ್ಕೆ ಬಾಗಿಲು. ಅಂಗಳದ ಮೂಲೆಯ ಮರ ತಾರಸಿಯವರೆಗೂ ಬೆಳೆದಿದೆ. ಮಳೆ ಹಿಂದೆ ಸರಿದು, ಚಳಿ ಇನ್ನೂ ಬೀದಿಯ ತಿರುವಿನಲ್ಲೇ ನಿಂತಿರುವ ಈ ಕಾಲದಲ್ಲಿ ಮರಕ್ಕೆ ಬೇರೆ ಕೆಲಸವಿಲ್ಲ. ಉದುರಿಸುವುದೇ ಕೆಲಸ. ಜನರಿಗೂ ಅವರವರ ಕೆಲಸ. ಕಂಬಳಿಗಳು ತಾರಸಿಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತವೆ, ಟ್ರಂಕಿನ ತಳದಿಂದ ಸ್ವೆಟರುಗಳು ಮೇಲೆ ಬರುತ್ತವೆ. ಕಾಲೇಜಿನ ಮಕ್ಕಳು ಬಣ್ಣ ತಿರುಗಿದ ಎಲೆಗಳನ್ನು ಪುಸ್ತಕದೊಳಗೆ ಇಟ್ಟು ಮರೆತುಬಿಡುತ್ತಾರೆ.

ಮೆಣಸು ಎಲೆ ಆರಿಸುವವಳಲ್ಲ. ಎಲೆಯ ಸದ್ದು ಆರಿಸುವವಳು. ಗಾಜು ಸೀಳಿದ ತನ್ನ ಹಳೆಯ ಫೋನನ್ನು ಹಿಡಿದು ಅಲ್ಲಿ ಇಲ್ಲಿ ಬಗ್ಗಿ ಕೂರುತ್ತಿದ್ದಳು. ಹಿಡಿದದ್ದನ್ನು ಸೋಮವಾರ ಕಾಲೇಜಿನ ಬಿಡುವಿನ ವೇಳೆ ಧ್ವನಿವರ್ಧಕದಲ್ಲಿ ಹಾಕುತ್ತಿದ್ದರು. ‘ಇದು ಯಾವ ಸದ್ದು?’ ಎಂದು ಕೇಳುವುದು, ಹುಡುಗ ಹುಡುಗಿಯರು ಕೂಗಿ ಉತ್ತರ ಹೇಳುವುದು, ಕಡೆಗೆ ಅವಳು ಮೈಕಿನ ಮುಂದೆ ಬಂದು ಗುಟ್ಟು ಬಿಚ್ಚುವುದು. ಸೋಮವಾರದ ಆ ಐದು ನಿಮಿಷ ಅವಳ ರಾಜ್ಯ. ತಾಯಿ ಹೊಲಿದ ಹಳೆಯ ಅಂಗಿ, ಪಟ್ಟಿ ಕಿತ್ತ ಚಪ್ಪಲಿ ಇವೆಲ್ಲ ಆ ಹೊತ್ತಿಗೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಭಾನುವಾರವೇ ಅವಳು ಆ ಸದ್ದನ್ನು ನನಗೆ ಕೇಳಿಸುತ್ತಿದ್ದಳು. ನಾನು ಹೇಳಿಬಿಟ್ಟರೆ ಸುಲಭದ್ದು ಎಂದು ಅದನ್ನು ಬಿಟ್ಟು ಬೇರೆಯದನ್ನು ಹುಡುಕುತ್ತಿದ್ದಳು. ಮುಕ್ಕಾಲು ಪಾಲು ನಾನು ಹೇಳಿಬಿಡುತ್ತಿದ್ದೆ. ದಿನವೆಲ್ಲ ಬಾಗಿಲಲ್ಲಿ ಕೂತವಳಿಗೆ ಮೆಟ್ಟಿಲ ಮೇಲೆ ಯಾರ ಹೆಜ್ಜೆಯ ಸದ್ದು ಯಾವುದೆಂದು ಗೊತ್ತಾಗದೆ ಇರುತ್ತದೆಯೇ?

ಅಂಗಿಯ ವಿಷಯ ಹೇಳಬೇಕು. ಬೆಣ್ಣೆಯ ತಾಯಿ ಹೊಸ ವಸ್ತುವನ್ನು ಬರಿಮೈಯಲ್ಲಿ ನೋಡಲಾರರು. ಟೀವಿಗೆ ಹೊದಿಕೆ, ಮಿಕ್ಸಿಗೆ ಲಂಗ, ರಿಮೋಟಿಗೆ ಪ್ಲಾಸ್ಟಿಕ್ಕಿನ ರೇನ್‌ಕೋಟು. ‘ಆ ಮನೇಲಿ ಹೆಚ್ಚು ಹೊತ್ತು ಅಲ್ಲಾಡದೆ ಕೂತರೆ ನಮಗೂ ಒಂದು ಗವಸು ಹಾಕಿಬಿಡ್ತಾರೆ’ ಎಂದು ಮೆಣಸಿನ ತಾಯಿ ನಗುತ್ತಿದ್ದಳು. ರೆಕಾರ್ಡರಿಗೆ ದಪ್ಪ ಫ್ಲಾನೆಲ್ ಬಟ್ಟೆಯ ಅಂಗಿಯಾಯಿತು. ಮೈಕುಗಳಿಗೆ ಎರಡು ತೂತು, ಬೆನ್ನಿಗೆ ಮೂರು ಗುಂಡಿ. ಗಾಜು, ದೀಪ, ಬರಹ ಎಲ್ಲ ಬಟ್ಟೆಯೊಳಗೆ. ಕೆಂಪು ಗುಂಡಿಯನ್ನು ಮಾತ್ರ ಬಟ್ಟೆಯ ಮೇಲಿಂದಲೇ ತಡವಿ ಒತ್ತಬೇಕು.

ಬೆಣ್ಣೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೋಳಿಮರಿ ತಂದಂತೆ ನನ್ನ ಬಾಗಿಲಿಗೆ ತಂದಳು. ಮೆಣಸೂ ಅಲ್ಲೇ ಇದ್ದಳು.

“ನೋಡು, ಹೇಗಿದೆ?” ಎಂದಳು ಬೆಣ್ಣೆ.

“ಚೆನ್ನಾಗಿದೆ. ಸ್ನಾನ ಯಾವಾಗ ಮಾಡಿಸ್ತೀಯ?” ಎಂದಳು ಮೆಣಸು.

ಬೆಣ್ಣೆ ನಕ್ಕಳು. ಅವಳಿಗೆ ಚುಚ್ಚಿದ್ದು ನಾಟುವುದು ನಿಧಾನ. “ನಿನಗೆ ಇದೆಲ್ಲ ಗೊತ್ತಲ್ವಾ, ನನಗೂ ಕಲಿಸು. ನಾನು ದೊಣ್ಣೆ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀನಿ.”

“ಕಲಿಸೋದೇನಿದೆ? ಒತ್ತಿದರೆ ಆಯ್ತು. ಮಿಕ್ಕಿದ್ದು ಅದೇ ಮಾಡ್ಕೊಳ್ಳುತ್ತೆ, ನಿಮ್ಮಪ್ಪ ತಂದಿದ್ದಲ್ವಾ.”

ಅವಳು ಹೋದ ಮೇಲೆ ಮೆಣಸು ತನ್ನ ಫೋನು ತೆಗೆದು ನನ್ನ ಕಿವಿಗೆ ಹಿಡಿದಳು. ಮುಂಜಾನೆಯೆಲ್ಲ ಮರದ ಬುಡದಲ್ಲಿ ಕೂತು ಎಲೆ ಬೀಳುವ ಸದ್ದು ಹಿಡಿದಿದ್ದಳಂತೆ. ನಾನು ಕೇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಏನೋ ಹುರೀತಿದಾರೆ” ಎಂದೆ.

ಅವಳ ಮುಖ ಸಣ್ಣದಾಯಿತು. “ಎಲೆ ಅಜ್ಜಿ ಅದು. ಈ ದರಿದ್ರ ಫೋನಿಗೆ ಎಲೆನೂ ಒಂದೇ ಎಣ್ಣೆನೂ ಒಂದೇ.”

ಉರಿಗೆ ತುಪ್ಪ ಸುರಿದದ್ದು ಅವರ ವಿಜ್ಞಾನದ ಮೇಡಂ. ಹವ್ಯಾಸದ ಗುಂಪು ನಡೆಸುವವರು ಅವರೇ. ಬೆಣ್ಣೆಯ ಕೈಯಲ್ಲಿ ರೆಕಾರ್ಡರು ನೋಡಿ, ‘ಈ ಸಲ ನೀವಿಬ್ಬರೂ ಎಲೆ ಉದುರೋ ಸದ್ದು ಹಿಡಿದುಕೊಂಡು ಬನ್ನಿ. ಯಾರದು ಚೆನ್ನಾಗಿರುತ್ತೋ ಅದನ್ನ ಹಾಕೋಣ. ಇನ್ನು ಈ ವರ್ಷವೆಲ್ಲ ಸೋಮವಾರ ಅವರಿಗೇ’ ಎಂದರಂತೆ.

ಆ ವಾರ ಮೆಣಸು ಊಟದ ತಟ್ಟೆಯ ಮುಂದೆ ಕೂತರೂ ಕಿವಿ ಎದುರು ಬಾಗಿಲಿನಲ್ಲಿ. ಬೆಣ್ಣೆ ತಾರಸಿಗೆ ಹೋದಳಾ, ಬಂದಳಾ, ಏನು ಹಿಡಿದಳು? ತಾನೂ ಬಿಡಲಿಲ್ಲ. ಫೋನಿಗೆ ಹತ್ತಿ ಸುತ್ತಿದಳು, ಲೋಟದೊಳಗೆ ಇಟ್ಟಳು, ಕೊಡೆ ಬಿಚ್ಚಿ ಅದರ ಕೆಳಗೆ ಇಟ್ಟಳು. ಮೂರಕ್ಕೂ ನಾನು ಕಿವಿಯಿಟ್ಟೆ. ಮೊದಲನೆಯದು ಸೀಮೆಸುಣ್ಣ ಗೀಚಿದಂತೆ, ಎರಡನೆಯದು ಲೋಟದಂತೆ, ಮೂರನೆಯದು ಮತ್ತೆ ಬಾಣಲೆಯೇ.

“ಅವಳು ಒಂದು ಸಲ ಒತ್ತಿದರೆ ಸಾಕು ಅಜ್ಜಿ” ಎಂದಳು, ಕೊಡೆ ಮಡಿಸುತ್ತಾ. “ನಾನು ಒಂದು ವರ್ಷ ಒದ್ದಾಡಿದ್ದೆಲ್ಲ ಅವಳ ಒಂದು ಬೆರಳಿಗೆ ಸಮ. ಅವಳ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಇಷ್ಟು ಉರೀತಿರಲಿಲ್ಲ. ಪಕ್ಕದ ಮನೇಲಿ ಹಬೆಯಾಡೋ ಅನ್ನ ನಮ್ಮ ಮೂಗಿಗೇ ಅಲ್ವಾ ಬಡಿಯೋದು?”

“ಅವಳು ಕಲಿಸು ಅಂತ ಕೇಳಿದಳಲ್ಲ. ಹೋಗಿ ಕೂತಿದ್ದರೆ ಆ ಯಂತ್ರ ನಿನ್ನ ಕೈಗೂ ಬರ್ತಿತ್ತು” ಎಂದೆ.

“ಅವಳ ಎಂಜಲು ನನಗೆ ಬೇಡ.”

ಬೇಡ ಎಂದವಳ ಕಣ್ಣು ಮಾತ್ರ ಮೇಲಿನ ಮೆಟ್ಟಿಲನ್ನೇ ನೋಡುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಬೆಣ್ಣೆ ರೆಕಾರ್ಡರನ್ನು ತಾರಸಿಯ ಕಟ್ಟೆಯ ಮೇಲೆ, ಮರದ ಕೊಂಬೆ ಬಾಗಿದ ಕಡೆ ಇಟ್ಟು ಕೆಳಗೆ ಬಂದಿದ್ದಳು. ಸಂಜೆ ತಂಗಾಳಿ ಎದ್ದಾಗ ಹಿಡಿಯುತ್ತಾಳೆ, ಈಗ ಜಾಗ ಹಿಡಿದು ಇಟ್ಟಿದ್ದಾಳೆ ಎಂದುಕೊಂಡಳು ಮೆಣಸು. ಒಣಗಿದ ಕಂಬಳಿ ತರುವ ನೆಪ ಮಾಡಿ ಮೇಲೆ ಹೋದಳು. ಯಾರೂ ಇರಲಿಲ್ಲ. ಫ್ಲಾನೆಲ್ ಅಂಗಿ ತೊಟ್ಟುಕೊಂಡು ಅದು ಬಿಸಿಲು ಕಾಯುತ್ತಿತ್ತು.

‘ನನ್ನ ಕೈ ನನ್ನ ಮಾತು ಕೇಳಲಿಲ್ಲ ಅಜ್ಜಿ’ ಎಂದಳು. ಗುಂಡಿ ಎಲ್ಲಿದೆ ಎಂದು ಗೊತ್ತಿತ್ತಲ್ಲ, ಬಟ್ಟೆಯ ಮೇಲಿಂದಲೇ ತಡವಿದಳು. ಸಣ್ಣ ಸದ್ದಿನ ಕಡೆ ಇರುತ್ತದೆ, ಜೋರಿನ ಕಡೆಗೆ ತಳ್ಳಿಬಿಟ್ಟರೆ ಬೆಣ್ಣೆಗೆ ಎಲೆಯ ಬದಲು ಬರೀ ಗಾಳಿ ಸಿಗುತ್ತದೆ. ಯಂತ್ರವೇ ಹಾಗೆ ಅಂದುಕೊಳ್ಳುತ್ತಾಳೆ. ಇತ್ತಲಿಂದ ಅತ್ತ ತಳ್ಳಿದಳು. ಕ್ಲಿಕ್ ಎಂದಿತು. ಕಂಬಳಿ ಎತ್ತಿಕೊಂಡು ಇಳಿದು ಬಂದಳು.

ಕಂಬಳಿ ಹೊತ್ತು ನನ್ನ ಮುಂದೆ ಹಾದುಹೋದವಳ ಮುಖವನ್ನು ನಾನು ನೋಡಿದೆ. ಬೇಸಿಗೆಯಲ್ಲಿ ಜ್ವರ ಬಂದವರ ಹಾಗೆ ಇತ್ತು. “ಕಂಬಳಿ ಒಣಗಿದೆಯಾ?” ಎಂದೆ. “ಯಾವ ಕಂಬಳಿ?” ಎಂದಳು.

ಸಂಜೆ ಅಂಗಳದಲ್ಲಿ ಎಲ್ಲರೂ ಕೂತಿದ್ದೆವು. ಬೆಣ್ಣೆಯ ಅಪ್ಪ ಒಂದು ಕುರ್ಚಿ ಹಾಕಿಕೊಂಡು ಅದರಲ್ಲಿ ಮುಕ್ಕಾಲು ಭಾಗ ಕೂತಿದ್ದರು, ಮಿಕ್ಕದ್ದು ಹೊರಗಿತ್ತು. ಅವರ ಹೆಂಡತಿ ಚಹಾ ತಂದರು. ಮೆಣಸಿನ ತಾಯಿ ನನ್ನ ಪಕ್ಕದಲ್ಲಿ, ಕಡೆಗೂ ಆ ಸ್ವೆಟರಿನ ಮೊಣಕೈ ಹಿಡಿದುಕೊಂಡಿದ್ದಳು. ಮೆಣಸು ನಲ್ಲಿಯ ಕಟ್ಟೆಯ ಮೇಲೆ ಕೂತು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು. ಬೆಣ್ಣೆ ಸಣ್ಣ ಸ್ಪೀಕರು ತಂದು ರೆಕಾರ್ಡರಿಗೆ ಸಿಕ್ಕಿಸಿದಳು.

“ಮಧ್ಯಾಹ್ನ ಒತ್ತಿ ಮೇಲೆ ಇಟ್ಟು ಬಂದುಬಿಟ್ಟೆ. ನಾನು ಅಲ್ಲಿದ್ದರೆ ಉಸಿರು ಕೇಳುತ್ತೆ, ನಿದ್ದೆ ಬೇರೆ ಬರುತ್ತೆ. ಇನ್ನೂ ನಾನೂ ಕೇಳಿಲ್ಲ. ಎಲ್ಲರೂ ಒಟ್ಟಿಗೆ ಕೇಳೋಣ ಅಂತ ಇಟ್ಟುಕೊಂಡಿದ್ದೆ” ಎಂದಳು.

ನೆಲ ಕೆರೆಯುವುದು ನಿಂತಿತು.

ಯಂತ್ರ ಆಗಲೇ ಓಡುತ್ತಿತ್ತು, ಕೆಂಪು ದೀಪ ಅಂಗಿಯೊಳಗೆ ಉರಿಯುತ್ತಿತ್ತು ಎಂಬುದು ಮೆಣಸಿಗೆ ಆಗ ತಿಳಿಯಿತು.

ಬೆಣ್ಣೆ ಹಾಕಿದಳು. ಏನೂ ಇಲ್ಲ. ಗೋಡೆಯಾಚೆ ಯಾರೋ ಪಿಸುಗುಟ್ಟಿದಂತೆ ಒಂದಿಷ್ಟು, ಅಷ್ಟೇ.

“ಏನಮ್ಮಾ ಇದು, ಮೌನವ್ರತವಾ?” ಎಂದರು ಅವಳ ಅಪ್ಪ. “ಅಂಗಡೀಲಿ ನಾನು ಹಲೋ ಅಂದಿದ್ದಕ್ಕೆ ಕಿರ್ರೋ ಅಂತ ಅರಚಿತ್ತಲ್ಲ. ಅಂಗಡಿಯವನು, ‘ನಿಮ್ಮ ಗಂಟಲಿಗೆ ಈ ಕಡೇನೇ ಸರಿ ಸಾರ್’ ಅಂತ ಪಕ್ಕದ ಗುಂಡಿ ತಳ್ಳಿಕೊಟ್ಟ. ಆಗ ಸರಿಯಾಗಿತ್ತು.”

ನಾನು ಮೆಣಸಿನ ಕಡೆ ನೋಡಿದೆ. ಅವಳ ಬಾಯಿ ತೆರೆದೇ ಇತ್ತು. ಅಂಗಡಿಯಿಂದಲೇ ಜೋರಿನ ಕಡೆಗಿದ್ದ ಗುಂಡಿ! ಅದರ ಮೇಲೆ ಅಂಗಿ ಬಿದ್ದಮೇಲೆ ಯಾರು ನೋಡಬೇಕು?

ಆಗ ಸ್ಪೀಕರಿನಲ್ಲಿ ಬಹಳ ದೂರದಿಂದ ಬಂದಂತೆ ಸಣ್ಣಗೆ ಟಪ್ಪ... ಸರ್ರ, ಟಪ್ಪ... ಸರ್ರ. ಒಂದಿಷ್ಟು ಹೊತ್ತು ಸುಮ್ಮನೆ. ಬಟ್ಟೆ ಸವರಿದಂತೆ. ಕ್ಲಿಕ್.

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಕಿವಿಯಲ್ಲಿ ನೀರು ತುಂಬಿದ್ದು ಒಮ್ಮೆಲೇ ಹೊರಗೆ ಹರಿದರೆ ಹೇಗಿರುತ್ತದೆಯೋ ಹಾಗೆ. ಮರ ಬಂತು. ಒಣ ಎಲೆ ಕೊಂಬೆಯಿಂದ ಕೊಂಬೆಗೆ ತಾಗಿ, ತಾಗಿ, ತಾರಸಿಯ ನೆಲಕ್ಕೆ ಇಳಿದು ಕರಕ್ ಎಂದು ಹೊರಳಿದ್ದು ಬಂತು. ಅದರ ಹಿಂದೆ ಇನ್ನೊಂದು. ಕೆಳಗೆ ನಲ್ಲಿಯ ನೀರು ಬಿಂದಿಗೆಗೆ ಬೀಳುವುದು, ಎರಡನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಓಡಿ ನಿಲ್ಲುವುದು, ಎಲ್ಲೋ ಒಂದು ಸೈಕಲ್ಲಿನ ಗಂಟೆ. ಇವೆಲ್ಲದರ ಮಧ್ಯೆ ಎದೆಯ ಮೇಲೇ ನಡೆದಂತೆ ಸ್ಪಷ್ಟವಾಗಿ ಟಪ್ಪ ಸರ್ರ, ಟಪ್ಪ ಸರ್ರ, ಮೆಟ್ಟಿಲಿಳಿದು ಹೋಗುವವರೆಗೂ.

“ಅಬ್ಬಾ!” ಎಂದರು ಬೆಣ್ಣೆಯ ತಾಯಿ. “ಆ ನಡುವೆ ಅದೇನೋ ಬಂತಲ್ಲ?”

“ಬೆಕ್ಕಿರಬೇಕು” ಎಂದಳು ಬೆಣ್ಣೆ.

“ಬೆಕ್ಕಿಗೆ ಚಪ್ಪಲಿ ಯಾರು ತೊಡಿಸಿದರು? ನಿಮ್ಮಮ್ಮನಾ?” ಎಂದು ಅವಳ ಅಪ್ಪ ಹೊಟ್ಟೆ ಕುಲುಕಿಸಿ ನಕ್ಕರು.

“ಅಜ್ಜಿ, ನೀವು ಹೇಳಿ. ನಿಮ್ಮ ಕಿವಿ ತಪ್ಪಲ್ಲ” ಎಂದಳು ಬೆಣ್ಣೆ. “ಇದು ಯಾವ ಸದ್ದು?”

ಪಟ್ಟಿ ಕಿತ್ತ ಎಡಗಾಲಿನ ಚಪ್ಪಲಿ. ಮೊದಲ ಹೆಜ್ಜೆಗೇ ನನಗೆ ಗೊತ್ತಾಗಿತ್ತು. ಪಕ್ಕದಲ್ಲಿ ಅವಳ ತಾಯಿಯ ಸೂಜಿಯೂ ನಿಂತಿತ್ತು. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ನಾನು ಬಾಯಿ ತೆರೆಯಬಹುದಿತ್ತು. ಆದರೆ ಕೆಲವು ಉತ್ತರಗಳನ್ನು ಯಾರು ಹೇಳಬೇಕೋ ಅವರೇ ಹೇಳಬೇಕು.

“ಸರಿಯಾಗಿ ಕೇಳಿಸಲಿಲ್ಲ ಮಗಾ. ಇನ್ನೊಂದು ಸಲ ಹಾಕು” ಎಂದೆ.

ಬೆಣ್ಣೆ ಗುಂಡಿಗೆ ಬೆರಳಿಡುವುದರೊಳಗೆ ಮೆಣಸು ಎದ್ದು ನಿಂತಳು.

“ಹಾಕಬೇಡ. ಅದು ನಾನು. ನಿನ್ನ ರೆಕಾರ್ಡರು ಕೆಡಿಸೋಣ ಅಂತ ಹೋಗಿದ್ದೆ. ಕೆಡಿಸೋಕೂ ಬರಲಿಲ್ಲ. ಸರಿಯಾಯ್ತು.”

ಮೆಣಸಿನ ತಾಯಿ ಸ್ವೆಟರನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. “ಆ ಅಂಗಿ ನಾನು ಹೊಲಿದಿದ್ದು ಕಣೇ” ಎಂದಳು, ಅಷ್ಟೇ. ಬೈದಿದ್ದರೆ ಮೆಣಸಿಗೆ ಸುಲಭವಾಗುತ್ತಿತ್ತು.

ಬೆಣ್ಣೆಗೆ ಚುಚ್ಚಿದ್ದು ನಾಟುವುದು ನಿಧಾನ ಎಂದೆನಲ್ಲ, ಆ ದಿನ ನಾಟಿತು. ಕರಗುವ ಹುಡುಗಿ ಎಂದುಕೊಂಡಿದ್ದೆವು, ಕಾದು ಚಟಪಟ ಸಿಡಿದಳು.

“ಕಲಿಸು ಅಂತ ಬಂದಾಗ ಕಲಿಸಲಿಲ್ಲ. ಕದ್ದು ಬಂದು ಗುಂಡಿ ತಿರುಗಿಸೋಕೆ ಮಾತ್ರ ಬಿಡುವಾಯ್ತಾ? ನಿನಗೊಬ್ಬಳಿಗೇ ಹೊಟ್ಟೆ ಉರಿಯೋದಾ? ಕಾಲೇಜಲ್ಲಿ ಎಲ್ಲರೂ ನನ್ನ ಏನಂತ ಕರೀತಾರೆ ಗೊತ್ತಾ? ಸದ್ದಿನ ಹುಡುಗಿಯ ತಂಗಿ ಅಂತ. ನನಗೆ ಹೆಸರೇ ಇಲ್ಲ. ಸೋಮವಾರ ಬಂದರೆ ನೀನು ಮೈಕಿನ ಮುಂದೆ, ನಾನು ನಿನ್ನ ಚೀಲ ಹಿಡ್ಕೊಂಡು ಮೂಲೇಲಿ. ಅಪ್ಪನ ಹತ್ತಿರ ಇದನ್ನ ಕೇಳಿದ್ದು ನಾನೇ. ಮೂರು ದಿನ ಊಟ ಬಿಟ್ಟು ಕೇಳಿದೆ!”

“ಊಟ ಬಿಟ್ಟಿದ್ದು ಹೌದು, ಬ್ರೆಡ್ಡು ಬಿಟ್ಟಿರಲಿಲ್ಲ” ಎಂದರು ಅವಳ ಅಪ್ಪ. ಯಾರೂ ನಗದೆ ಇದ್ದುದರಿಂದ ಖಾಲಿ ಲೋಟ ಎತ್ತಿಕೊಂಡು ಚಹಾ ಕುಡಿದ ಹಾಗೆ ಮಾಡಿದರು.

ಬೆಣ್ಣೆ ಕಣ್ಣೊರೆಸಿಕೊಂಡಳು. “ಇದನ್ನ ಹೀಗೇ ತಗೊಂಡು ಹೋಗ್ತೀನಿ. ಕತ್ತರಿಸಲ್ಲ. ನಿನ್ನ ಚಪ್ಪಲಿ ಸಮೇತ. ಇದು ಯಾವ ಸದ್ದು ಅಂತ ಮೇಡಂ ಕೇಳ್ತಾರಲ್ಲ, ಎದ್ದು ನೀನೇ ಹೇಳಬೇಕು.”

“ಹೇಳ್ತೀನಿ” ಎಂದಳು ಮೆಣಸು.

ಮಾರನೆಯ ದಿನ ಸಂಜೆ ನಾನು ಬಾಗಿಲಲ್ಲಿ ಕೂತು ಕಾದೆ. ಮೆಟ್ಟಿಲ ಮೇಲೆ ಹೆಜ್ಜೆ ಬಂತು, ಆದರೆ ಗುರುತು ಸಿಗಲಿಲ್ಲ. ಟಪ್ಪ, ಟಪ್ಪ, ಅಷ್ಟೇ. ತಲೆ ಎತ್ತಿದರೆ ಮೆಣಸು. ಪೊರಕೆ ಹಿಡಿದು ಇಳಿದು ಬರುತ್ತಿದ್ದಳು. ಅಂಗಳ ಗುಡಿಸುವ ಸರದಿ ಆ ವಾರ ಅವರ ಮನೆಯದು. ಚಪ್ಪಲಿಯ ಪಟ್ಟಿಗೆ ಹೊಸ ಹೊಲಿಗೆ ಬಿದ್ದಿತ್ತು.

“ಚಪ್ಪಲಿ ಹೊಲಿಸಿದ್ದೀಯ” ಎಂದೆ.

“ಇನ್ನು ಕದಿಯೋಕೆ ಹೋದರೂ ಸದ್ದಾಗಲ್ಲ” ಎಂದಳು. ನಗು ಬರಲಿಲ್ಲ. ಪೊರಕೆಯನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡಳು.

“ಎದ್ದು ಹೇಳಿದೆ ಅಜ್ಜಿ. ‘ಅದು ನನ್ನ ಚಪ್ಪಲಿ’ ಅಂದೆ. ಎಲ್ಲರೂ ನಕ್ಕರು. ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಣ್ಣೆ ನನ್ನೇ ನೋಡ್ತಿದ್ದಳು. ಅವಳೂ ಹೇಳಲಿಲ್ಲ.”

“ಸೋಮವಾರ?”

“ಅವಳಿಗೇ. ಅದಕ್ಕೂ ಉರೀತಿಲ್ಲ ನೋಡಿ, ಉರೀತಿರೋದು ಬೇರೇದಕ್ಕೆ. ಮೇಡಂ ಏನಂದರು ಗೊತ್ತಾ? ‘ಮೊದಲು ಏನೂ ಇಲ್ಲದ ಹಾಗೆ ಮಾಡಿ, ಯಾರೋ ನಡೆದು ಬಂದು ಕ್ಲಿಕ್ ಅಂತ ಬಾಗಿಲು ತೆಗೆದ ಹಾಗೆ ಎಲೆ ಉದುರೋ ಕಾಲವನ್ನೇ ಒಳಗೆ ಬಿಟ್ಟುಬಿಟ್ಟೆಯಲ್ಲ, ಎಂಥಾ ಉಪಾಯ ನಿನ್ನದು!’ ಅಂತ ಅವಳ ಬೆನ್ನು ತಟ್ಟಿದರು. ಆ ಉಪಾಯ ನನ್ನ ಕೈಯದು ಅಜ್ಜಿ! ನನ್ನ ಹೊಟ್ಟೆಕಿಚ್ಚಿಗೆ ಅವಳಿಗೆ ಚಪ್ಪಾಳೆ!”

ಈಗ ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಬೆಣ್ಣೆಯ ದನಿ ಬಂತು.

“ಏಯ್, ಮುಂದಿನ ವಾರಕ್ಕೆ ಏನು ಹಿಡಿಯೋದು? ನನಗೇನೂ ಹೊಳೀತಿಲ್ಲ.”

ಮೆಣಸು ತಲೆ ಎತ್ತಲಿಲ್ಲ. “ನಿನ್ನ ಗೊರಕೆ ಹಿಡಿ” ಎಂದು ಕೂಗಿದಳು.

“ಗುಂಡಿ ಯಾವ ಕಡೆ ಇಡಲಿ?”

ಕೈಯಲ್ಲಿದ್ದ ಪೊರಕೆ ಒಂದು ಗಳಿಗೆ ತಡೆಯಿತು. ಹೇಳಲೋ ಬೇಡವೋ ಎಂದು ಅವಳ ದವಡೆ ಅಲುಗಿದ್ದು ನನಗೆ ಕಂಡಿತು.

“ಜೋರಿನ ಕಡೆ” ಎಂದಳು ಕಡೆಗೆ. “ಮೊದಲು ಆ ಅಂಗಿ ಬಿಚ್ಚು. ಕಣ್ಣಲ್ಲಿ ನೋಡಿ ತಳ್ಳು.”

ಮರದ ಬುಡದಿಂದ ಶುರುಮಾಡಿದಳು. ಬೆನ್ನು ಬಗ್ಗಿಸಿ ಎಲೆಗಳನ್ನು ನಲ್ಲಿಯ ಕಡೆಗೆ, ಅಲ್ಲಿಂದ ಗೋಡೆಯ ಮೂಲೆಗೆ ಎಳೆದಳು. ಗುಡಿಸಿದ ಜಾಗದಲ್ಲಿ ಮತ್ತೆರಡು ಬಿದ್ದವು. ತಿರುಗಿ ಬಂದು ಅವನ್ನೂ ಎಳೆದುಕೊಂಡಳು. ನಾನು ಬುಟ್ಟಿ ತಂದು ಹಿಡಿದೆ, ಅವಳು ಎರಡೂ ಕೈಯಲ್ಲಿ ಬಾಚಿ ತುಂಬಿದಳು.